ಗ್ರಿಲ್ಲಿಗೊಂದು ಕಿಂಡಿ, ಕಿಂಡಿಗೊಂದು ಹಗ್ಗ

ಕಳೆದ ಭಾನುವಾರ ನಮ್ಮ ಬಾಲ್ಕನಿಯ ಗ್ರಿಲ್ ಕತ್ತರಿಸಿ ಅದಕ್ಕೊಂದು ಬಾಗಿಲು ಕೂರಿಸಿದೆವು. ಎರಡೂವರೆ ಅಡಿ ಅಗಲ, ಮೂರೂವರೆ ಅಡಿ ಎತ್ತರ. ವೆಲ್ಡಿಂಗಿನವರು ಕತ್ತರಿಸುವ ಮೊದಲು ಎರಡು ಸಲ ಕೇಳಿದರು. "ಎಲ್ಲರೂ ಗ್ರಿಲ್ ಹಾಕಿಸ್ಲಿಕ್ಕೆ ಕರೀತಾರೆ, ನೀವು ತೆಗೆಸ್ಲಿಕ್ಕೆ ಕರೆದದ್ದಾ? ಇದು ಐದನೇ ಮಾಳಿಗೆ ಅಲ್ವಾ, ಬಾಗಿಲು ತೆಗೆದು ಎಲ್ಲಿಗೆ ಹೋಗುವುದು?"

ಕೆಳಗೆ ಹೋಗುವುದು ಅಂದೆ. ಆಮೇಲೆ ಕೂತು ಪೂರ್ತಿ ಹೇಳಿದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಇನ್ನೂ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಮಂಗಳೂರಿನಲ್ಲಿ, ಉಡುಪಿಯಲ್ಲಿ, ಮಣಿಪಾಲದಲ್ಲಿ ನನ್ನ ಹಾಗೆ ಪೂರ್ತಿ ಗ್ರಿಲ್ ಹಾಕಿದ ಫ್ಲಾಟಿನಲ್ಲಿ ಇರುವವರು ಎಷ್ಟೋ ಜನ ಇದ್ದೀರಿ.

ನಮ್ಮದು ಬಿಜೈ ಕಡೆ ಒಂದು ಹಳೆಯ ಕಟ್ಟಡ. ಕೆಳಗೆ ಪಾರ್ಕಿಂಗ್, ಮೇಲೆ ಏಳು ಮಾಳಿಗೆ, ಒಂದೇ ಮೆಟ್ಟಿಲು, ಒಂದು ಲಿಫ್ಟ್. ಮಾರ್ಚ್ ತಿಂಗಳಲ್ಲಿ ಒಂದು ರಾತ್ರಿ ಒಂದೂವರೆ ಗಂಟೆಗೆ ಕರೆಂಟ್ ಹೋಯಿತು. ಸೆಕೆಗೆ ಎಚ್ಚರವಾಯಿತು. ಫ್ಯಾನ್ ನಿಂತಿದೆ ಅಂತ ಎದ್ದರೆ ವಯರ್ ಸುಟ್ಟ ವಾಸನೆ. ನಮ್ಮ ಮನೆಯದೇ ಅಂದುಕೊಂಡು ಟಾರ್ಚ್ ಹಿಡಿದು ಹುಡುಕಿದೆ. ಏನೂ ಇಲ್ಲ. ಮುಂಬಾಗಿಲು ತೆಗೆದೆ ನೋಡಿ, ಕಪ್ಪು ಹೊಗೆ ಮುಖಕ್ಕೇ ಬಂತು. ಟಾರ್ಚಿನ ಬೆಳಕು ಎರಡು ಅಡಿಗಿಂತ ಮುಂದೆ ಹೋಗುತ್ತಿರಲಿಲ್ಲ. ಪಾರ್ಕಿಂಗಿನಲ್ಲಿದ್ದ ಮೀಟರ್ ಬೋರ್ಡಿಗೆ ಬೆಂಕಿ ಹಿಡಿದಿತ್ತು, ಅದರ ಪಕ್ಕದಲ್ಲೇ ಮೆಟ್ಟಿಲು. ಬೆಂಕಿ ಕೆಳಗೇ ಇತ್ತು, ಆದರೆ ಹೊಗೆ ಮೆಟ್ಟಿಲಿನ ಗೂಡನ್ನೇ ಚಿಮಣಿ ಮಾಡಿಕೊಂಡು ಮೇಲಿನವರೆಗೂ ತುಂಬಿತ್ತು.

ಬಾಗಿಲು ಹಾಕಿದೆವು. ಎರಡು ಬೈರಾಸು ಒದ್ದೆ ಮಾಡಿ ಬಾಗಿಲಿನ ಅಡಿಗೆ ತುರುಕಿದೆವು. 101ಕ್ಕೆ ಕರೆ ಮಾಡಿದೆ, ಆಗಲೇ ಯಾರೋ ಮಾಡಿದ್ದರು. ಆಮೇಲೆ ನಾನು, ಹೆಂಡತಿ, ಹನ್ನೊಂದು ವರ್ಷದ ಮಗ, ಎಪ್ಪತ್ತೊಂದರ ಅಮ್ಮ, ನಾಲ್ಕೂ ಜನ ಬಾಲ್ಕನಿಯಲ್ಲಿ ಗ್ರಿಲ್ಲಿಗೆ ಮುಖ ಒತ್ತಿಕೊಂಡು ನಿಂತೆವು. ಸುಮಾರು ಇಪ್ಪತ್ತೈದು ನಿಮಿಷ. ಅಗ್ನಿಶಾಮಕದವರು ಬಂದರು, ನಂದಿಸಿದರು, ಒಬ್ಬೊಬ್ಬರನ್ನೇ ಇಳಿಸಿಕೊಂಡು ಹೋದರು. ಯಾರಿಗೂ ಏನೂ ಆಗಲಿಲ್ಲ. ಅಮ್ಮ ಮೂರು ದಿನ ಕೆಮ್ಮಿದರು, ಅಷ್ಟೇ.

ಆದರೆ ಆ ಇಪ್ಪತ್ತೈದು ನಿಮಿಷ ನನ್ನ ಕೈ ಹಿಡಿದುಕೊಂಡಿದ್ದು ಕಬ್ಬಿಣದ ಸರಳು. ಕಳ್ಳರು ಬರಬಾರದು, ಪಾರಿವಾಳ ಬರಬಾರದು, ಮಗು ಬೀಳಬಾರದು ಅಂತ ಫ್ಲಾಟ್ ತೆಗೆದುಕೊಂಡ ವರ್ಷವೇ ನಾನೇ ಮುಂದೆ ನಿಂತು ಹಾಕಿಸಿದ್ದು. ಕೆಳಗೆ ಏಣಿ ಇಟ್ಟಿದ್ದರೂ ನಾವು ಅದಕ್ಕೆ ಕಾಲಿಡಲು ಆಗುತ್ತಿರಲಿಲ್ಲ. ಹಗ್ಗ ಇದ್ದರೂ ಅಷ್ಟೇ. ಇದು ನನಗೆ ಅಲ್ಲಿ ನಿಂತಾಗ ಹೊಳೆಯಿತು, ಅದಕ್ಕಿಂತ ಒಂದು ದಿನ ಮೊದಲೂ ಹೊಳೆದಿರಲಿಲ್ಲ.

ಅದಾದ ಮೇಲೆ ಎರಡು ತಿಂಗಳು ನಾನು ಓದಿದ್ದು, ಕೇಳಿದ್ದು ಎಲ್ಲ ಒಂದೇ ವಿಷಯ. ಮೆಟ್ಟಿಲು ಮುಚ್ಚಿಹೋದರೆ ಮನೆಯವರನ್ನು ಹೊರಗಿನಿಂದ ಕೆಳಗೆ ಇಳಿಸುವುದು ಹೇಗೆ? ಅದಕ್ಕೆ ಒಂದು ಸಾಧನ ಉಂಟು. ಇಂಗ್ಲಿಷಿನಲ್ಲಿ ಡಿಸೆಂಡರ್ ಅನ್ನುತ್ತಾರೆ. ಒಂದು ಚಿಕ್ಕ ಲೋಹದ ಪೆಟ್ಟಿಗೆ, ಅದರೊಳಗಿಂದ ಹಾದುಹೋಗುವ ಹಗ್ಗ, ಹಗ್ಗದ ತುದಿಗೆ ಮೈಗೆ ಹಾಕಿಕೊಳ್ಳುವ ಬೆಲ್ಟ್. ಒಂದು ಚೀಲದಲ್ಲಿ ಹಿಡಿಯುತ್ತದೆ, ಒಂದು ಕೈಯಲ್ಲಿ ಎತ್ತಬಹುದು. ಕರೆಂಟ್ ಬೇಡ, ಬ್ಯಾಟರಿ ಬೇಡ. ನಿಮ್ಮ ಮೈಭಾರವೇ ಅದನ್ನು ನಡೆಸುತ್ತದೆ, ನಿಮ್ಮ ಮೈಭಾರವನ್ನೇ ಅದು ತಡೆಯುತ್ತದೆ.

ಭಾವನಿಗೆ ಇದನ್ನು ಫೋನಿನಲ್ಲಿ ವಿವರಿಸಿದಾಗ ಅವರು ಅಂದದ್ದು, "ಹಾಗಾದ್ರೆ ನಮ್ಮ ಅಜ್ಜ ಬಾವಿಗೆ ಜನ ಇಳಿಸ್ತಿದ್ರಲ್ಲ ಮಾರಾಯಾ, ಅದೇ ಅಲ್ವಾ ಇದು?"

ಅದೇ. ನಮ್ಮ ಕಡೆ ಮನೆ ಮನೆಗೂ ಬಾವಿ. ಮೇ ತಿಂಗಳಲ್ಲಿ ನೀರು ತಳ ಮುಟ್ಟಿದಾಗ ಕೆಸರು ತೆಗೆಯಲು ಒಬ್ಬರು ಇಳಿಯುತ್ತಿದ್ದರು. ಅಜ್ಜ ಮೇಲೆ ಹಗ್ಗ ಹಿಡಿಯುತ್ತಿದ್ದರು. ಅಜ್ಜ ಸಣಕಲು ಮನುಷ್ಯ, ಇಳಿಯುವವರು ಗಟ್ಟಿ ಆಳು. ಆದರೂ ಅಜ್ಜನ ಕೈ ನಡುಗುತ್ತಿರಲಿಲ್ಲ. ಯಾಕೆಂದರೆ ಅವರು ಹಗ್ಗವನ್ನು ಪಕ್ಕದ ಹಲಸಿನ ಮರಕ್ಕೆ ಎರಡು ಸುತ್ತು ಹಾಕಿ, ತುದಿಯನ್ನು ಮಾತ್ರ ಕೈಯಲ್ಲಿ ಹಿಡಿಯುತ್ತಿದ್ದರು. ಸ್ವಲ್ಪ ಸಡಿಲ ಬಿಟ್ಟರೆ ಹಗ್ಗ ಮರವನ್ನು ಉಜ್ಜುತ್ತಾ ಸರಿಯುತ್ತದೆ, ಬಿಗಿ ಹಿಡಿದರೆ ನಿಲ್ಲುತ್ತದೆ. ಸಾಧಾರಣ ಉಜ್ಜುವಿಕೆ ಇದ್ದರೂ ಎರಡು ಸುತ್ತಿಗೆ ಹಿಡಿಯುವ ಬಲ ಸುಮಾರು 40 ಪಟ್ಟು ಹೆಚ್ಚುತ್ತದೆ. ಅಂದರೆ 70 ಕೆಜಿ ಮನುಷ್ಯನನ್ನು ಒಂದೆರಡು ಕೆಜಿ ತೂಕ ಹಿಡಿದಷ್ಟು ಸುಲಭದಲ್ಲಿ ನಿಲ್ಲಿಸಬಹುದು. ದಕ್ಕೆಯಲ್ಲಿ ಬೋಟನ್ನು ಗೂಟಕ್ಕೆ ಸುತ್ತಿ ನಿಲ್ಲಿಸುವುದೂ ಇದೇ ಲೆಕ್ಕ. ಮಲ್ಪೆಯಲ್ಲಿ ಹುಟ್ಟಿದ ಮಕ್ಕಳಿಗೆ ಇದನ್ನು ಯಾರೂ ಪಾಠ ಮಾಡಬೇಕಾಗಿಲ್ಲ.

ಬಾವಿಯಲ್ಲಿ ಮೇಲೆ ಅಜ್ಜ ಇದ್ದರು. ಬೆಂಕಿ ಬಿದ್ದ ಮನೆಯಲ್ಲಿ ಮೇಲೆ ನಿಂತು ಹಗ್ಗ ಹಿಡಿಯುವವರು ಯಾರು? ಈ ಪೆಟ್ಟಿಗೆ ಮಾಡುವುದು ಅಜ್ಜನ ಕೆಲಸವನ್ನು. ಒಳಗೆ ಒಂದು ಚಕ್ರ, ಅದಕ್ಕೆ ಹಲ್ಲಿನ ಚಕ್ರಗಳು, ಅವು ಒಂದು ಸಣ್ಣ ಬ್ರೇಕನ್ನು ಗಿರ್ರನೆ ತಿರುಗಿಸುತ್ತವೆ. ಬ್ರೇಕಿನ ತುಂಡುಗಳು ತಿರುಗಿದಷ್ಟೂ ಹೊರಕ್ಕೆ ಚಿಮ್ಮಿ ಸುತ್ತಲಿನ ಗೋಡೆಗೆ ಒತ್ತುತ್ತವೆ. ಜಾತ್ರೆಯಲ್ಲಿ ಗಿರಗಿರ ಸುತ್ತುವ ಕುದುರೆ ಮೇಲೆ ಕೂತಾಗ ಹೊರಗೆ ಎಳೆದ ಹಾಗೆ ಆಗುತ್ತದಲ್ಲ, ಹಾಗೆ. ವೇಗ ಎರಡು ಪಟ್ಟಾದರೆ ಒತ್ತುವ ಬಲ ನಾಲ್ಕು ಪಟ್ಟು. ಹಾಗಾಗಿ ಭಾರದವರು ಇಳಿದರೂ ವೇಗ ಒಂದು ಮಿತಿಯಲ್ಲೇ ನಿಲ್ಲುತ್ತದೆ. ಇಳಿಯುವವರು ಏನೂ ಹಿಡಿಯಬೇಕಾಗಿಲ್ಲ, ಬಿಡಬೇಕಾಗಿಲ್ಲ.

ಎಷ್ಟು ವೇಗ? ಯುರೋಪಿನಲ್ಲಿ ಇಂಥ ಸಾಧನಗಳಿಗೆ ಇಎನ್ 341 ಅನ್ನುವ ಮಾನದಂಡ ಉಂಟು. ಅದರ ಪ್ರಕಾರ ಸೆಕೆಂಡಿಗೆ ಅರ್ಧ ಮೀಟರಿನಿಂದ 2 ಮೀಟರಿನ ಒಳಗೆ ಇರಬೇಕು. ಇದನ್ನು ನಾನು ನನ್ನದೇ ರೀತಿಯಲ್ಲಿ ಲೆಕ್ಕ ಹಾಕಿ ನೋಡಿದೆ. ನಮ್ಮ ಮನೆಯ ನೆಲ ರಸ್ತೆಯಿಂದ 15 ಮೀಟರ್ ಮೇಲೆ. ಅಲ್ಲಿಂದ ಹಾರಿದರೆ ಎರಡು ಸೆಕೆಂಡಿನೊಳಗೆ ನೆಲ, ಮುಟ್ಟುವಾಗ ಗಂಟೆಗೆ 60 ಕಿಲೋಮೀಟರಿಗಿಂತ ಜಾಸ್ತಿ ವೇಗ. ಸೆಕೆಂಡಿಗೆ 1 ಮೀಟರಿನಂತೆ ಇಳಿದರೆ ಹದಿನೈದು ಸೆಕೆಂಡ್ ಬೇಕು, ನೆಲ ಮುಟ್ಟುವಾಗ ಬೀಳುವ ಏಟು 5 ಸೆಂಟಿಮೀಟರ್ ಎತ್ತರದಿಂದ ಹಾರಿದಷ್ಟು. ಸೆಕೆಂಡಿಗೆ 2 ಮೀಟರ್ ಆದರೂ 20 ಸೆಂಟಿಮೀಟರ್, ಒಂದು ಮೆಟ್ಟಿಲು ಹಾರಿ ಇಳಿದಷ್ಟೇ. ಅಮ್ಮನ ಮೊಣಕಾಲಿಗೆ ಅದೂ ನೋವೇ, ಆದರೆ ತಡೆಯಬಹುದಾದ ನೋವು.

ಬರೀ ಹಗ್ಗ ಕಟ್ಟಿ ಇಳಿದರೆ ಆಗುವುದಿಲ್ಲವಾ ಅಂತ ನನ್ನ ಸ್ನೇಹಿತರು ಕೇಳಿದರು. 2023ರ ಜೂನ್ 15ರಂದು ದೆಹಲಿಯ ಮುಖರ್ಜಿ ನಗರದ ಕೋಚಿಂಗ್ ಸೆಂಟರಿನಲ್ಲಿ ಹಾಗೇ ಆಯಿತು. ಅಲ್ಲೂ ಕರೆಂಟ್ ಮೀಟರಿನಿಂದಲೇ ಹೊಗೆ ಎದ್ದದ್ದು. ಹುಡುಗ ಹುಡುಗಿಯರು ಕಿಟಕಿಯಿಂದ ಹಗ್ಗ, ವಯರ್ ಹಿಡಿದು ಇಳಿದರು. ಎಲ್ಲರೂ ಬದುಕಿದರು, ಅದು ದೊಡ್ಡ ಮಾತು. ಆದರೆ ಆ ವಿಡಿಯೋ ನೋಡಿದವರಿಗೆ ನೆನಪಿರಬಹುದು, ಕೈ ಜಾರಿ ಬಿದ್ದವರಿದ್ದರು, ಗಾಯಗೊಂಡವರು ತುಂಬ ಜನ. 70 ಕೆಜಿ ಮನುಷ್ಯ 15 ಮೀಟರ್ ಇಳಿಯುವಾಗ ಹತ್ತು ಸಾವಿರ ಜೂಲಿಗಿಂತ ಸ್ವಲ್ಪ ಜಾಸ್ತಿ ಶಕ್ತಿ ಎಲ್ಲಾದರೂ ಹೋಗಲೇಬೇಕು, ಅದು ಬಿಸಿಯಾಗಿಯೇ ಹೋಗುವುದು. ಯಂತ್ರವಾದರೆ ಬ್ರೇಕ್ ಬಿಸಿಯಾಗುತ್ತದೆ. ಬರೀ ಹಗ್ಗವಾದರೆ ಅಂಗೈ ಬಿಸಿಯಾಗುತ್ತದೆ. ಚರ್ಮ ಸುಲಿದಾಗ ಯಾರೇ ಆದರೂ ಕೈ ಬಿಡುತ್ತಾರೆ. ಹದಿನೆಂಟರ ಹುಡುಗರಿಗೇ ಹಾಗಾದರೆ ನನ್ನ ಅಮ್ಮನಿಗೆ ಹಗ್ಗ ಕೊಟ್ಟು ಏನು ಪ್ರಯೋಜನ?

ಅದಕ್ಕಿಂತ ನಾಲ್ಕು ವರ್ಷ ಮೊದಲು, 2019ರ ಮೇ 24ರಂದು, ಸೂರತ್ತಿನಲ್ಲಿ ಇನ್ನೊಂದು ಕೋಚಿಂಗ್ ಸೆಂಟರಿಗೆ ಬೆಂಕಿ ಬಿತ್ತು. 22 ಮಕ್ಕಳು ತೀರಿಹೋದರು. ಮೇಲಿನ ಮಹಡಿಯಿಂದ ಮಕ್ಕಳು ಹಾರುವ ಆ ದೃಶ್ಯ ಟಿವಿಯಲ್ಲಿ ಬಂದಾಗ ನಾನು ಚಾನೆಲ್ ಬದಲಾಯಿಸಿದ್ದೆ. ಈ ಸಲ ಅದರ ಬಗ್ಗೆ ಬಂದ ವರದಿಗಳನ್ನೆಲ್ಲ ಹುಡುಕಿ ಓದಿದೆ. ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್, ಕಚೇರಿಗಳ ಕಟ್ಟಡ, 2010ರ ಫೆಬ್ರವರಿ 23. ಬೆಂಕಿಗೆ ಒಂಬತ್ತು ಜನ ತೀರಿಹೋದರು. ಅಲ್ಲೂ ಹೊಗೆ ತಡೆಯಲಾಗದೆ ಹಾರಿದವರಿದ್ದರು. ತಪ್ಪಿಸಿಕೊಳ್ಳುವ ದಾರಿಯ ಬಾಗಿಲುಗಳು ಮುಚ್ಚಿದ್ದವು. ಬಾಗಿಲು ಇದ್ದೂ ಇಲ್ಲದ ಹಾಗೆ. ಮನೆಯವರನ್ನು ಕಳೆದುಕೊಂಡವರು ಸೇರಿ ಬಿಯಾಂಡ್ ಕಾರ್ಲ್‌ಟನ್ ಅಂತ ಸಂಸ್ಥೆ ಕಟ್ಟಿದರು, ಇವತ್ತಿಗೂ ಬೆಂಕಿಯ ಸುರಕ್ಷತೆ ಬಗ್ಗೆ ಊರೂರಿಗೆ ಹೇಳುತ್ತಿದ್ದಾರೆ.

ಈ ಸಾಧನವನ್ನು ಕಟ್ಟಡ ಕಟ್ಟಡಕ್ಕೆ ತಲುಪಿಸಿದ ದೇಶ ಕೊರಿಯಾ. ದಕ್ಷಿಣ ಕೊರಿಯಾದಲ್ಲಿ ಇದಕ್ಕೆ ವಾನ್‌ಗಾಂಗ್‌ಗಿ ಅನ್ನುತ್ತಾರೆ, ನಿಧಾನವಾಗಿ ಇಳಿಸುವ ಯಂತ್ರ ಅಂತ ಅರ್ಥ. ಕಟ್ಟಡಗಳ ಮೂರನೇ ಮಹಡಿಯಿಂದ ಹತ್ತನೇ ಮಹಡಿಯವರೆಗೆ ಇಡಬೇಕಾದ ಸಾಮಾನುಗಳಲ್ಲಿ ಅದೂ ಒಂದು. ಹೋಟೆಲ್ ಕೋಣೆಯ ಕಿಟಕಿ ಪಕ್ಕದಲ್ಲಿ ಅದರ ಪೆಟ್ಟಿಗೆ ಇರುತ್ತದೆ. ಜಪಾನಿನಲ್ಲಿ ಇನ್ನೊಂದು ಉಪಾಯ ನೋಡಿ, ನನಗೆ ತುಂಬ ಹಿಡಿಸಿತು. ಅಲ್ಲಿ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಒಂದು ಮನೆಯ ಬಾಲ್ಕನಿಗೂ ಪಕ್ಕದ ಮನೆಯ ಬಾಲ್ಕನಿಗೂ ನಡುವೆ ತೆಳು ಹಲಗೆ ಮಾತ್ರ. ಬೆಂಕಿ ಬಿದ್ದರೆ ಒದ್ದು ಮುರಿದು ಪಕ್ಕದ ಮನೆಗೆ ಹೋಗಿ ಅಂತ ಅದರ ಮೇಲೇ ಬರೆದಿರುತ್ತದೆ. ಕೆಲವು ಬಾಲ್ಕನಿಗಳ ನೆಲದಲ್ಲಿ ಮುಚ್ಚಳ, ತೆಗೆದರೆ ಕೆಳಗಿನ ಬಾಲ್ಕನಿಗೆ ಏಣಿ ಬಿಚ್ಚಿಕೊಳ್ಳುತ್ತದೆ. ಅವರಿಗೆ ಬಾಲ್ಕನಿ ಅಂದರೆ ದಾರಿ. ನಮಗೆ ಬಾಲ್ಕನಿ ಅಂದರೆ ಬಟ್ಟೆ ಒಣಗಿಸುವ ಜಾಗ, ಸುತ್ತ ಸರಳು.

ಹಾಗಂತ ಯಂತ್ರ ಇದ್ದರೆ ಎಲ್ಲ ಆಯಿತು ಅಂತ ಅಲ್ಲ. ಕೊರಿಯಾದ ಬುಚಿಯೋನ್ ಊರಿನ ಹೋಟೆಲಿನಲ್ಲಿ 2024ರ ಆಗಸ್ಟ್ 22ರಂದು ಬೆಂಕಿ ಬಿತ್ತು, 7 ಜನ ಸತ್ತರು. ಇಬ್ಬರು ಕೆಳಗೆ ಹಾಸಿದ್ದ ಗಾಳಿಯ ಹಾಸಿಗೆಗೆ ಹಾರಿದರು, ಹಾಸಿಗೆ ಮಗುಚಿತು. ಅದಾದ ಮೇಲೆ ಅಲ್ಲಿ ಎದ್ದ ಪ್ರಶ್ನೆ, ಇಳಿಯುವ ಯಂತ್ರ ಇರಬೇಕಾದಲ್ಲಿ ಇತ್ತಾ, ಇದ್ದರೆ ಅದನ್ನು ಬಳಸಲು ಎಷ್ಟು ಜನಕ್ಕೆ ಗೊತ್ತಿತ್ತು ಅಂತ. ಅಷ್ಟು ವರ್ಷಗಳಿಂದ ಕಡ್ಡಾಯ ಇರುವ ದೇಶದಲ್ಲೇ ಈ ಪ್ರಶ್ನೆ.

ಅದಕ್ಕೇ ನಾವು ತರಿಸಿದ ಯಂತ್ರವನ್ನು ಮೊದಲು ಬಿಚ್ಚಿದ್ದು ಕಟಪಾಡಿಯ ಭಾವನ ಮನೆಯಲ್ಲಿ. ಅವರ ಮನೆಯ ತಾರಸಿಗೆ ಅಡಿಕೆ ಮೂಟೆ ಎಳೆಯಲು ಹೊರಗೆ ಚಾಚಿದ ಕಾಂಕ್ರೀಟಿನ ಬೀಮ್ ಉಂಟು, ಅದರಲ್ಲಿ ಗಟ್ಟಿ ಕೊಕ್ಕೆ. ನೆಲದಿಂದ ಏಳು ಮೀಟರ್ ಎತ್ತರ. ನಮ್ಮದು ಎರಡು ತುದಿಯ ಯಂತ್ರ. ಒಬ್ಬರು ಒಂದು ತುದಿಯಲ್ಲಿ ಇಳಿದಾಗ ಇನ್ನೊಂದು ತುದಿಯ ಬೆಲ್ಟ್ ಮೇಲೆ ಬರುತ್ತದೆ, ಮುಂದಿನವರು ಅದನ್ನು ಹಾಕಿಕೊಳ್ಳಬಹುದು. ಒಂದೇ ಸಲ ಇಳಿಯಲು ಬರುವ ಜಾತಿಯೂ ಉಂಟು, ಹಗ್ಗ ಪೂರ್ತಿ ಬಿಚ್ಚಿಕೊಂಡರೆ ಅದರ ಕತೆ ಮುಗಿಯಿತು. ನಾಲ್ಕು ಜನರ ಮನೆಗೆ ಅದು ಸಾಲದು.

ಮೊದಲು ಮನುಷ್ಯರನ್ನು ಇಳಿಸಲಿಲ್ಲ. ಐವತ್ತು ಕೆಜಿ ಕುಚ್ಚಲಕ್ಕಿ ಮೂಟೆ ಕಟ್ಟಿದೆವು. ಬಿಟ್ಟ ಕೂಡಲೇ ಒಂದು ಕ್ಷಣ ಧಡಕ್ಕನೆ ಜಾರಿತು, ನನ್ನ ಎದೆಯೂ. ಆಮೇಲೆ ಹಿಡಿದುಕೊಂಡು, ಹೊಲಿಗೆ ಯಂತ್ರದ ಹಾಗೆ ಸದ್ದು ಮಾಡುತ್ತಾ ಒಂದೇ ಸಮ ಇಳಿಯಿತು. ಒಂಬತ್ತು ಸೆಕೆಂಡ್. ನಂತರ ಇಪ್ಪತ್ತೈದರ ಇನ್ನೊಂದು ಚೀಲ ಸೇರಿಸಿ ಎಪ್ಪತ್ತೈದು ಕೆಜಿ ಮಾಡಿದೆವು. ಏಳೂವರೆ ಸೆಕೆಂಡ್. ಭಾರ ಅರ್ಧದಷ್ಟು ಜಾಸ್ತಿಯಾದರೂ ಸಮಯ ಕಡಿಮೆಯಾದದ್ದು ಒಂದೂವರೆ ಸೆಕೆಂಡ್ ಮಾತ್ರ. ಆಮೇಲೆ ಬರೀ ಇಪ್ಪತ್ತೈದರ ಚೀಲ. ಅದು ಸರಿಯಾಗಿ ಇಳಿಯಲೇ ಇಲ್ಲ, ನಡುವೆ ಒಮ್ಮೆ ನಿಂತೇಬಿಟ್ಟಿತು. ನಮ್ಮ ಯಂತ್ರದ ಮೇಲೆ 30ರಿಂದ 150 ಕೆಜಿ ಅಂತ ಬರೆದದ್ದು ಯಾಕೆ ಅಂತ ಆಗ ಅರ್ಥವಾಯಿತು. ಮಗ ಅವತ್ತು ರಾತ್ರಿ ತೂಕ ನೋಡಿದ. 34. ಅವನಿಗಿಂತ ಸಣ್ಣ ಮಕ್ಕಳಿರುವವರು ಇದನ್ನು ನೋಡಿಯೇ ತೆಗೆದುಕೊಳ್ಳಬೇಕು. ಮಗುವನ್ನು ದೊಡ್ಡವರ ಜತೆ ಕಟ್ಟಿ ಇಳಿಸಲು ಬರುತ್ತದೆಯೇ ಅಂತ ತಯಾರಿಸಿದವರ ಪುಸ್ತಕದಲ್ಲಿ ಸ್ಪಷ್ಟ ಇರಬೇಕು, ನಮ್ಮ ಊಹೆ ಆಗಬಾರದು.

ಮೂಟೆಗಳಾದ ಮೇಲೆ ಎತ್ತರದ ಕಟ್ಟಡಗಳಿಗೆ ಹಗ್ಗದಲ್ಲಿ ಇಳಿದು ಪೇಂಟ್ ಹೊಡೆಯುವ ಒಬ್ಬರನ್ನು ಕರೆಸಿದ್ದೆವು. ಅವರು ತಮ್ಮದೇ ಇನ್ನೊಂದು ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ಮೊದಲು ಇಳಿದರು. ನನಗೂ ಹಾಗೇ ಎರಡನೇ ಹಗ್ಗ ಕಟ್ಟಿ ಇಳಿಸಿದರು. ಇದನ್ನು ದಯವಿಟ್ಟು ಯಾರೂ ಸುಮ್ನೆ ನೋಡುವ ಅಂತ ಒಬ್ಬರೇ ಬಾಲ್ಕನಿಯಲ್ಲಿ ಮಾಡಬೇಡಿ. ಎರಡನೇ ಹಗ್ಗ, ಅದನ್ನು ಹಿಡಿಯಲು ಗೊತ್ತಿರುವ ಕೈ, ಎರಡೂ ಬೇಕು.

ಅವರು ಹೇಳಿಕೊಟ್ಟ ಒಂದು ಸಂಗತಿ ನನ್ನ ತಲೆಯಲ್ಲಿ ಕೂತಿದೆ. ನಮ್ಮ ಯಂತ್ರದ ಬೆಲ್ಟ್ ಎದೆಗೆ, ಕಂಕುಳ ಕೆಳಗೆ ಹಾಕುವಂಥದ್ದು. ಇಳಿಯುವಾಗ ಹೆದರಿಕೆಗೆ ಎರಡೂ ಕೈ ತಲೆ ಮೇಲೆ ಎತ್ತಿ ಹಗ್ಗ ಹಿಡಿಯಬೇಕು ಅನಿಸುತ್ತದೆ. ಎತ್ತಿದರೆ ಬೆಲ್ಟ್ ಮೇಲಕ್ಕೆ ಜಾರಿ ಮನುಷ್ಯ ಕೆಳಗೆ ಹೋಗಬಹುದು. ಕೈ ಕೆಳಗೇ ಇರಬೇಕು, ಗೋಡೆಗೆ ಮುಖ ಮಾಡಬೇಕು, ಅಂಗೈಯಿಂದ ಗೋಡೆಯನ್ನು ಮೆಲ್ಲ ದೂಡುತ್ತಾ ಇಳಿಯಬೇಕು. ಮೈ ಬೇಡ ಅನ್ನುವ ಕೆಲಸ ಅದು. ನಾನು ಇಳಿಯುವಾಗ ಮೊದಲ ಸಲ ಕೈ ತಾನಾಗಿಯೇ ಮೇಲೆ ಹೋಯಿತು. ಅವರು ಮೇಲಿಂದ ಕೂಗಿದರು. ಆ ಕೂಗು ನಿಜವಾದ ಬೆಂಕಿಯಲ್ಲಿ ಇರುವುದಿಲ್ಲ. ಈಗ ಮನೆಯಲ್ಲಿ ತಿಂಗಳಿಗೊಮ್ಮೆ ಎಲ್ಲರೂ ಬೆಲ್ಟ್ ಹಾಕಿ, ಕೈ ಗೋಡೆಗೆ ಇಟ್ಟು ನಿಲ್ಲುತ್ತೇವೆ. ಇಳಿಯುವುದಿಲ್ಲ, ನಿಲ್ಲುವುದು ಅಷ್ಟೇ.

ಇನ್ನು ಕೊಕ್ಕೆ. ಬಹಳ ಜನ ಯಂತ್ರದ ಬೆಲೆ ಕೇಳುತ್ತಾರೆ, ಕೊಕ್ಕೆ ಎಲ್ಲಿ ಹಾಕುವುದು ಅಂತ ಕೇಳುವುದಿಲ್ಲ. ನಮ್ಮ ಕಡೆ ಎಷ್ಟೋ ಗೋಡೆಗಳು ಮುರಕಲ್ಲಿನವು, ಅಂದರೆ ಮೆದು ಕೆಂಪುಕಲ್ಲಿನವು, ಇಲ್ಲದಿದ್ದರೆ ಒಳಗೆ ಪೊಳ್ಳಿರುವ ಸಿಮೆಂಟ್ ಬ್ಲಾಕಿನವು. ಮುರಕಲ್ಲಿಗೆ ಬೋಲ್ಟ್ ಹೊಡೆದರೆ ಹಿಡಿದ ಹಾಗೆ ಕಾಣುತ್ತದೆ, ಭಾರ ಬಿದ್ದರೆ ಪುಡಿಯಾಗಿ ಕಿತ್ತು ಬರುತ್ತದೆ. ಗ್ರಿಲ್ಲಿಗಂತೂ ಕಟ್ಟಲೇಬಾರದು. ಗ್ರಿಲ್ ನಿಂತಿರುವುದು ನಾಲ್ಕು ಮೊಳೆಯ ಮೇಲೆ, ಅದೂ ಕಡಲ ಗಾಳಿಗೆ ತುಕ್ಕು ಹಿಡಿದ ಮೊಳೆ. ಕೆಲಸಗಾರರ ಸುರಕ್ಷೆಗೆ ಯುರೋಪಿನಲ್ಲಿ ಒಬ್ಬ ಮನುಷ್ಯನ ಕೊಕ್ಕೆಗೆ 12 ಕಿಲೋನ್ಯೂಟನ್ ತಡೆಯುವ ಬಲ ಕೇಳುತ್ತಾರೆ, ಸುಮಾರು 1,200 ಕೆಜಿ ನೇತುಹಾಕಿದಷ್ಟು. ಅದು ಆರ್‌ಸಿಸಿ (ಒಳಗೆ ಕಬ್ಬಿಣ ಇಟ್ಟು ಎರಕ ಹೊಯ್ದ ಕಾಂಕ್ರೀಟ್) ಕಂಬ ಅಥವಾ ಬೀಮಿನಲ್ಲಿ ಮಾತ್ರ ಸಿಗುವ ಬಲ. ಪರಿಚಯದ ಒಬ್ಬ ಸೈಟ್ ಇಂಜಿನಿಯರ್ ಬಂದು ನಮ್ಮ ಬಾಲ್ಕನಿಯ ಪ್ಲಾಸ್ಟರ್ ತಟ್ಟಿ ನೋಡಿ, ಕಂಬ ಎಲ್ಲಿ ಅಂತ ಗುರುತು ಹಾಕಿಕೊಟ್ಟರು. ಆ ಕಂಬಕ್ಕೆ ಹೊರಕ್ಕೆ ತಿರುಗಿಸುವ ಕಬ್ಬಿಣದ ತೋಳು ಕೂರಿಸಿದೆವು. ಹಗ್ಗ ಕಟ್ಟೆಯ ಅಂಚಿಗೆ ತಾಗದೆ ನೇರ ಕೆಳಗೆ ಬೀಳಬೇಕು, ಅದಕ್ಕೆ ತೋಳು.

ಹಗ್ಗದ ವಿಷಯವೂ ಹೇಳಬೇಕು. ಅಂಗಡಿಯಲ್ಲಿ ಸಿಗುವ ನೀಲಿ ಹಳದಿ ಪ್ಲಾಸ್ಟಿಕ್ ಹಗ್ಗ ಸುಮಾರು 160 ಡಿಗ್ರಿಗೇ ಕರಗುತ್ತದೆ. ನೈಲಾನ್ 220ರ ಮೇಲೆ. ಇಂಥ ಯಂತ್ರಗಳಲ್ಲಿ ಉಕ್ಕಿನ ತಂತಿಯ ಮೇಲೆ ನೂಲು ಹೆಣೆದ ಹಗ್ಗ ಇರುತ್ತದೆ, ಕೆಲವದರಲ್ಲಿ ಅರಾಮಿಡ್ ನೂಲು, ಅದು ಕರಗುವುದಿಲ್ಲ. ಕೆಳಗಿನ ಮನೆಯ ಕಿಟಕಿಯಿಂದ ಜ್ವಾಲೆ ಹೊರಗೆ ಬರುತ್ತಿದ್ದರೆ ಹಗ್ಗ ತಡೆದರೂ ಮನುಷ್ಯ ತಡೆಯುವುದಿಲ್ಲ ಅನ್ನುವುದು ಬೇರೆ. ಆಗ ಆ ಕಡೆಯಿಂದ ಇಳಿಯಲು ಆಗುವುದಿಲ್ಲ. ಇದು ಈ ಸಾಧನದ ನಿಜವಾದ ಮಿತಿ. ನಮ್ಮ ಅಡುಗೆಮನೆ ಕಡೆಯ ಯುಟಿಲಿಟಿಯಲ್ಲೂ ಒಂದು ಕಿಂಡಿ ಮಾಡಿಸುವ ಯೋಚನೆ ಇರುವುದು ಅದಕ್ಕೇ. ಆ ಕಡೆಗೂ ಒಂದು ಕಂಬ ಉಂಟು.

ಉದ್ದ ನಾವು ಅಳೆದದ್ದು ಹುರಿಹಗ್ಗಕ್ಕೆ ಕಲ್ಲು ಕಟ್ಟಿ ಕೆಳಗೆ ಬಿಟ್ಟು. ಕೊಕ್ಕೆಯಿಂದ ನೆಲಕ್ಕೆ 17 ಮೀಟರ್ ಆಯಿತು. ಯಂತ್ರದ ಹಗ್ಗ 20 ಮೀಟರ್. ಮಹಡಿ ಲೆಕ್ಕ ಹಾಕಿ ಅಂದಾಜು ಮಾಡಬೇಡಿ. ಕೆಲವು ಕಟ್ಟಡಗಳಲ್ಲಿ ಒಂದು ಬದಿಗೆ ರಸ್ತೆ, ಇನ್ನೊಂದು ಬದಿಗೆ ತಗ್ಗು. ನಮ್ಮ ಮಂಗಳೂರಿನ ಗುಡ್ಡದ ನೆಲದಲ್ಲಿ ಮುಂದೆ ಐದು ಮಾಳಿಗೆ ಇದ್ದದ್ದು ಹಿಂದೆ ಏಳಾಗಿರುತ್ತದೆ.

ಎಲ್ಲಕ್ಕಿಂತ ಕಷ್ಟವಾದದ್ದು ಇದ್ಯಾವುದೂ ಅಲ್ಲ. ಯಾರು ಮೊದಲು ಅನ್ನುವುದು.

ಒಂದು ಸಂಜೆ ಊಟಕ್ಕೆ ಕೂತಾಗ ಆ ಮಾತು ತೆಗೆದೆ. ಅಮ್ಮ ತಟ್ಟೆಯಿಂದ ಮುಖ ಎತ್ತದೆ, "ಮಗುವನ್ನು ಮೊದಲು ಕಳಿಸು, ಆಮೇಲೆ ಅವಳು, ಆಮೇಲೆ ನೀನು. ನನ್ನದು ಕೊನೆಗೆ ನೋಡುವ" ಅಂದರು. ಕೊನೆಗೆ ಅಂದರೆ ಇಲ್ಲ ಅಂತ. ಅವರ ಧ್ವನಿಯಲ್ಲೇ ಅದು ಗೊತ್ತಾಯಿತು. ನಾನು ಏನೋ ಹೇಳಲು ಹೋದೆ, ಗಂಟಲು ಕಟ್ಟಿತು. ಹೆಂಡತಿ ಹೇಳಿದಳು. "ಅತ್ತೆ, ಕೊನೆಗೆ ಇಳಿಯುವವರು ತಾವೇ ಬೆಲ್ಟ್ ಹಾಕ್ಕೊಳ್ಬೇಕು, ತಾವೇ ಕಿಂಡಿ ದಾಟಬೇಕು, ಹಿಡಿಯಲಿಕ್ಕೆ ಯಾರೂ ಇರೂದಿಲ್ಲ. ನಿಮ್ಮ ಮೊಣಕಾಲಿಗೆ ಅದು ಆಗೂದಿಲ್ಲ. ನೀವು ಕೊನೆಗೆ ಅಂತ ಕೂತ್ರೆ ಇವರು ನಿಮ್ಮನ್ನು ಬಿಟ್ಟು ಇಳಿಯೂದಿಲ್ಲ, ಅಷ್ಟೇ."

ಅಮ್ಮ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ. "ಸೀರೆಯಲ್ಲಿ ಆ ಬೆಲ್ಟ್ ಆಗ್ತದಾ?"

ಆಗುತ್ತದೆ. ಎದೆಗೆ ಹಾಕುವ ಬೆಲ್ಟ್ ಆದ್ದರಿಂದ ಆಗುತ್ತದೆ, ಸೆರಗು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಳ್ಳಬೇಕು. ಕಾಲಿಗೂ ಪಟ್ಟಿ ಇರುವ ಬೆಲ್ಟ್ ಆದರೆ ಸೀರೆಗೆ ಕಷ್ಟ. ಮನೆಯಲ್ಲಿ ಸೀರೆ ಉಡುವ ಹಿರಿಯರಿದ್ದರೆ ಇದನ್ನೂ ಮೊದಲೇ ಹಾಕಿ ನೋಡಿ.

ಈಗ ನಮ್ಮ ಕ್ರಮ ಹೀಗೆ. ಮೊದಲು ಹೆಂಡತಿ, ಯಾಕೆಂದರೆ ಕೆಳಗೆ ಬೆಲ್ಟ್ ಬಿಚ್ಚಲು, ಹಿಡಿದುಕೊಳ್ಳಲು ಒಬ್ಬರು ಬೇಕು. ಎರಡನೆಯದು ಮಗ. ಮೂರನೆಯದು ಅಮ್ಮ, ನಾನು ಬೆಲ್ಟ್ ಬಿಗಿದು ಕಿಂಡಿ ದಾಟಿಸಿ ಬಿಡುತ್ತೇನೆ. ಕೊನೆಗೆ ನಾನು. ಒಬ್ಬೊಬ್ಬರಿಗೆ ಬೆಲ್ಟ್ ಹಾಕಿ, ದಾಟಿಸಿ, ಇಳಿಸಿ, ಬಿಚ್ಚುವಷ್ಟರಲ್ಲಿ ಒಂದು ನಿಮಿಷಕ್ಕೂ ಜಾಸ್ತಿ. ಇಳಿಯುವುದಕ್ಕೆ ಹದಿನೈದಿಪ್ಪತ್ತು ಸೆಕೆಂಡ್, ಉಳಿದದ್ದೆಲ್ಲ ಬೆಲ್ಟಿಗೆ. ಬೆಲ್ಟ್ ಹಾಕುವುದನ್ನು ಕಣ್ಣು ಮುಚ್ಚಿ ಅಭ್ಯಾಸ ಮಾಡಿದ್ದೇವೆ, ಹೊಗೆಯಲ್ಲಿ ಕಣ್ಣು ಬಿಡಲು ಆಗುವುದಿಲ್ಲ ಅನ್ನುವುದು ಮಾರ್ಚಿನಲ್ಲೇ ಗೊತ್ತಾಗಿತ್ತು.

ಅಗ್ನಿಶಾಮಕದವರ ಏಣಿ ಇದೆಯಲ್ಲ ಅಂತ ಕೇಳಬಹುದು. ಬೆಂಗಳೂರಿಗೆ 2023ರಲ್ಲಿ 90 ಮೀಟರ್ ಎತ್ತರಕ್ಕೆ ಹೋಗುವ ಏಣಿ ವಾಹನ ಬಂತು, ಒಳ್ಳೆಯದೇ. ಆದರೆ ಅಂಥ ವಾಹನ ನಿಲ್ಲಲು ಗಟ್ಟಿ ಸಮತಟ್ಟು ಜಾಗ ಬೇಕು, ಕಾಲು ಚಾಚಲು ಅಗಲ ಬೇಕು. ನಮ್ಮ ಗಲ್ಲಿ ಇಳಿಜಾರು, ಎರಡೂ ಬದಿ ಬೈಕು. ಅವತ್ತು ಕದ್ರಿ ಕಡೆಯಿಂದ ಬಂದ ಗಾಡಿ ಗಲ್ಲಿಯ ಬಾಯಲ್ಲೇ ನಿಂತು ಪೈಪ್ ಎಳೆದುಕೊಂಡು ಓಡಿಬಂದರು. ಆ ಹುಡುಗರು ಹೊಗೆಯೊಳಗೆ ಹೋದ ರೀತಿ ನೋಡಿ ನನಗೆ ಕೈ ಮುಗಿಯಬೇಕು ಅನಿಸಿತು. ಅವರು ಬರುವವರೆಗಿನ ಹೊತ್ತು ನಮ್ಮದು.

ಇಷ್ಟೆಲ್ಲ ಹೇಳಿದ ಮೇಲೂ, ಮೊದಲ ದಾರಿ ಮೆಟ್ಟಿಲೇ. ಹೊಗೆ ಇಲ್ಲದಿದ್ದರೆ ಲಿಫ್ಟ್ ಮುಟ್ಟದೆ ಮೆಟ್ಟಿಲಲ್ಲಿ ಇಳಿದು ಹೋಗಬೇಕು. ಹೊಗೆ ಇದ್ದರೆ ಬಾಗಿಲು ಹಾಕಿ, ಸಂದಿಗೆ ಒದ್ದೆ ಬಟ್ಟೆ ಕೊಟ್ಟು, ಬಾಲ್ಕನಿಗೆ ಬಂದು ಕರೆ ಮಾಡಿ ಕಾಯಬೇಕು. ಮಾರ್ಚಿನಲ್ಲಿ ನಾವು ಕಾದದ್ದು ಸರಿಯೇ, ಯಂತ್ರ ಇದ್ದಿದ್ದರೂ ಅವತ್ತು ಕಾಯುತ್ತಿದ್ದೆವು. ಬೆಂಕಿ ಮನೆಯೊಳಗೇ ಬಂದರೆ, ಬಾಲ್ಕನಿಯಲ್ಲೂ ಉಸಿರಾಡಲು ಆಗದಿದ್ದರೆ, ಆಗ ಹಗ್ಗ. ಹಾರುವುದರ ಬದಲಿಗೆ ಹಗ್ಗ. ನಮ್ಮ ಅಸೋಸಿಯೇಶನ್ ಮೀಟಿಂಗಿನಲ್ಲಿ ನಾನು ಯಂತ್ರದ ಬಗ್ಗೆ ಮಾತಾಡಿದ್ದು ಐದು ನಿಮಿಷ. ಮೀಟರ್ ಬೋರ್ಡ್ ಮತ್ತು ಮೆಟ್ಟಿಲ ನಡುವೆ ಬೆಂಕಿ ತಡೆಯುವ ಬಾಗಿಲು ಹಾಕಿಸುವ ಬಗ್ಗೆ, ತಾರಸಿಯ ಬೀಗದ ಬಗ್ಗೆ, ಮೆಟ್ಟಿಲ ಮೇಲೆ ಇಟ್ಟ ಹಳೆ ಸೋಫಾ ಬಗ್ಗೆ ಮಾತಾಡಿದ್ದು ಒಂದು ಗಂಟೆ. ಸೋಫಾ ಹೋಗಿದೆ. ಬಾಗಿಲಿಗೆ ಕೊಟೇಶನ್ ಬಂದಿದೆ. ತಾರಸಿಯ ಬೀಗ ತೆಗೆದು ಒಳಗಿನಿಂದ ತೆಗೆಯುವ ಚಿಲಕ ಹಾಕಿದ್ದಾರೆ.

ಗ್ರಿಲ್ ಮಾತ್ರ ಪ್ರತಿ ಮನೆಯವರ ಸ್ವಂತ ವಿಷಯ, ಅದಕ್ಕೆ ಮೀಟಿಂಗ್ ಆಗುವುದಿಲ್ಲ. ಯಂತ್ರ ತೆಗೆದುಕೊಳ್ಳಲು ಆಗದಿದ್ದರೂ ಪರವಾಗಿಲ್ಲ, ದಯವಿಟ್ಟು ಗ್ರಿಲ್ಲಿಗೆ ಒಂದು ತೆರೆಯುವ ಬಾಗಿಲು ಮಾಡಿಸಿ. ಅದು ಇದ್ದರೆ ಹೊರಗಿನಿಂದ ಬಂದವರು ಏಣಿ ಇಡಬಹುದು. ಇಲ್ಲದಿದ್ದರೆ ಅವರು ಬಂದು ಮೊದಲು ಕಬ್ಬಿಣ ಕತ್ತರಿಸಬೇಕು. ಮೂರನೇ ಮಾಳಿಗೆಯ ಅಕ್ಕ ಬಂದು ನೋಡಿಕೊಂಡು ಹೋದರು, ಮುಂದಿನ ವಾರ ವೆಲ್ಡಿಂಗಿನವರು ಅವರ ಮನೆಗೆ.

ಅಮ್ಮ ನಮ್ಮ ಬಾಗಿಲನ್ನು ಕನಕನ ಕಿಂಡಿ ಅಂತ ಕರೆಯುತ್ತಾರೆ. ಬೀಗದ ಕೀಲಿಯನ್ನು ಕೆಂಪು ದಾರದಲ್ಲಿ ಕಟ್ಟಿ, ಕಿಂಡಿ ಪಕ್ಕದ ಗೋಡೆಗೆ, ಮಗನ ಕೈಗೂ ಅಮ್ಮನ ಕೈಗೂ ಎಟಕುವ ಎತ್ತರದಲ್ಲಿ ಮೊಳೆ ಹೊಡೆದು ತೂಗುಹಾಕಿದ್ದೇವೆ. ಬೇರೆ ಯಾವುದಕ್ಕೂ ಆ ಮೊಳೆ ಇಲ್ಲ. ಮಳೆಗಾಲ ಹತ್ತಿರ ಬಂತು, ಈ ಉಪ್ಪು ಗಾಳಿಗೆ ತಿರುಗಣಿ ಒಂದೇ ತಿಂಗಳಲ್ಲಿ ಕಚ್ಚಿಕೊಳ್ಳುತ್ತದೆ. ಶನಿವಾರ ತಲೆಗೆ ಎಣ್ಣೆ ಹಾಕಿಕೊಳ್ಳುವಾಗ ಅಮ್ಮ ಅದಕ್ಕೂ ನಾಲ್ಕು ಹನಿ ಬಿಟ್ಟು, ಬೀಗ ತೆಗೆದು, ಬಾಗಿಲು ಪೂರ್ತಿ ಹೊರಗೆ ದೂಡಿ, ಕೆಳಗೆ ಒಮ್ಮೆ ನೋಡಿ, ಮತ್ತೆ ಹಾಕುತ್ತಾರೆ.